ಕಾರ್ಡಿನಲ್ಲಿ ಇಲ್ಲದ ಲೆಕ್ಕ

ಹೋದ ಶುಕ್ರವಾರ ರೂಮಿನಲ್ಲಿ ಟಿವಿ ರೆಸ್ಲಿಂಗ್ ನೋಡ್ತಾ ಚರ್ಚೆ ಎದ್ದಿತು: ದೊಡ್ಡ ಪೈಲ್ವಾನ್ ಅಂದ್ರೆ ಯಾರು? ಚಿಕ್ಕಂದಿನಲ್ಲಿ ನಾವು ಇದನ್ನು ಟ್ರಂಪ್ ಕಾರ್ಡ್ ನೋಡಿ ತೀರ್ಮಾನ ಮಾಡ್ತಿದ್ವಿ. ಎತ್ತರ, ತೂಕ, ಎದೆ ಸುತ್ತಳತೆ. ಅಂಕಿ ಜಾಸ್ತಿ ಇದ್ದವನೇ ಗೆದ್ದ. ಅಂಡರ್‌ಟೇಕರ್ ಕಾರ್ಡ್ ಸಿಕ್ಕವನಿಗೆ ಹಬ್ಬ!

ಈಗ ದಿನವೂ ಅಂಕಿ ಬರೆಯೋದೇ ನಮ್ಮ ಕೆಲಸ. ಆದರೂ ಹೇಳ್ತೀವಿ, ಅಂಕಿಯಲ್ಲಿ ಎಲ್ಲಾ ಸಿಗೋಲ್ಲ. ಟಿವಿಯದು ಬಿಡಿ, 2006ರಲ್ಲಿ ಇದೇ ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದಾಗ ನಮ್ಮ ಯೋಗೇಶ್ವರ್ ದತ್ 60 ಕೆಜಿ ಕುಸ್ತಿಯಲ್ಲಿ ಕಂಚು ಗೆದ್ದರು. ಪಟ್ಟಿಯಲ್ಲಿ ಇರೋದು ಅಷ್ಟೇ. ಅದಕ್ಕೆ ಸ್ವಲ್ಪ ಮೊದಲು ಅವರು ತಂದೆಯನ್ನು ಕಳೆದುಕೊಂಡಿದ್ದರು, ಅದು ಪಟ್ಟಿಯಲ್ಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲೂ ಒಮ್ಮೆ ಸೋತು, ಕಣ್ಣು ಊದಿಕೊಂಡಿದ್ದರೂ ಮತ್ತೆ ಮೂರು ಕುಸ್ತಿ ಗೆದ್ದು ಕಂಚು ತಂದರು.

ಬಿದ್ದ ಮೇಲೆ ಮೈಮಣ್ಣು ಕೊಡವಿ ಮತ್ತೆ ಅಖಾಡಕ್ಕೆ ಇಳಿಯುವವನೇ ದೊಡ್ಡ ಪೈಲ್ವಾನ್.

ನಮ್ಮಲ್ಲೂ ಅಪ್ಪನ ಮುಖವನ್ನು ಕೊನೇ ಸಲ ಫೋನಿನಲ್ಲೇ ನೋಡಿ, ಮರುದಿನ ಡ್ಯೂಟಿಗೆ ಹೋದವರಿದ್ದಾರೆ. ಲೆಕ್ಕದಲ್ಲಿ ಆ ದಿನ ಬರೀ ಒಂದು ಹಾಜರಿ. ಪಕ್ಕದ ಮಂಚದವರು ಸುಮ್ಮನಿದ್ದರೆ, ಈ ವಾರ ಒಮ್ಮೆ ಚಹಾಕ್ಕೆ ಕರೆದು ಮಾತಾಡಿಸಿ.