ಕಿರುಪಿಸ್ತೂಲಿನ ಆಯ್ಕೆ ಮತ್ತು ಶ್ರಾವಕನ ಸಂಕಲ್ಪ

ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವ ಕ್ರಮ ಜೈನ ಮನೆತನಗಳಲ್ಲಿ ಚಿರಪರಿಚಿತವಾದುದು. ಒಲೆ ಹೊತ್ತಿಸುವಾಗ, ನೆಲ ಗುಡಿಸುವಾಗ ಆಗುವುದು ಆರಂಭೀ. ಬೇಸಾಯ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ಮೇಲೆರಗಿ ಬಂದವನನ್ನು ತಡೆಯುವಾಗ ಆಗುವುದು ವಿರೋಧೀ. ಕೊಲ್ಲಬೇಕೆಂದೇ ಮನಸ್ಸು ಮಾಡಿ ನಡೆಸುವುದು ಸಂಕಲ್ಪೀ. ಗೃಹಸ್ಥನು ಮೊದಲಿನ ಮೂರನ್ನು ಪೂರ್ಣವಾಗಿ ತೊರೆಯಲಾರ, ಅವುಗಳಲ್ಲಿ ಯತ್ನಾಚಾರದಿಂದ ನಡೆಯಬೇಕು. ನಾಲ್ಕನೆಯದನ್ನು ಮಾತ್ರ ಸರ್ವಥಾ ತ್ಯಜಿಸಬೇಕು. ಇದು ಅಣುವ್ರತದ ಮೊದಲ ಪಾಠ. ಈ ವಿಂಗಡಣೆಯ ಮೂರನೆಯ ಸ್ಥಾನದಲ್ಲಿ ಈಗ ಒಂದು ಹೊಸ ವಸ್ತುವನ್ನು ತಂದಿರಿಸಿ, ಅದಕ್ಕೆ ಧರ್ಮದ ಮುದ್ರೆ ಒತ್ತುವ ವಾದವೊಂದು ತಲೆಯೆತ್ತಿದೆ. ದಿನನಿತ್ಯ ಉಡುಪಿನೊಳಗೆ ಧರಿಸಿ ಓಡಾಡುವ ಕಿರುಪಿಸ್ತೂಲೇ ಆ ವಸ್ತು.

ಈ ಪದ್ಧತಿಯ ತವರು ಅಮೆರಿಕ. ಮನೆಯೊಳಗೆ ಆತ್ಮರಕ್ಷಣೆಗೆಂದು ಪಿಸ್ತೂಲು ಇರಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಮನೆಯ ಹೊರಗೂ ಅದನ್ನು ಒಯ್ಯುವ ಹಕ್ಕುಂಟೆಂದು 2022ರ ಜೂನ್ ತಿಂಗಳಲ್ಲಿ ಸಾರಿತು. ಟೆಕ್ಸಾಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ ವಯಸ್ಕನಿಗೆ ಪರವಾನಗಿಯೇ ಬೇಕಿಲ್ಲ. ಅಂತಹ ಕಾಯಿದೆ ಇರುವ ರಾಜ್ಯಗಳು ಇಂದು ಅರ್ಧಕ್ಕಿಂತ ಹೆಚ್ಚು. ಆ ದೇಶದಲ್ಲಿ ಜೈನ ಕುಟುಂಬಗಳು ನೆಲೆಸಿವೆ, ಜಿನಾಲಯಗಳು ಎದ್ದಿವೆ. ಕರ್ನಾಟಕದ ಮನೆಗಳ ಮಕ್ಕಳು ಮೊಮ್ಮಕ್ಕಳೂ ಅಲ್ಲಿದ್ದಾರೆ. ಅಂಗಡಿ, ವಸತಿಗೃಹ, ಒಡವೆಯ ವ್ಯಾಪಾರಗಳಲ್ಲಿ ರಾತ್ರಿ ತಡವಾಗಿ ಗಲ್ಲಾಪೆಟ್ಟಿಗೆಯ ಬಳಿ ಒಬ್ಬರೇ ಕುಳಿತಿರುವವರ ಭಯ ಸುಳ್ಳಲ್ಲ. ಆ ಭಯವನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಭಯ ನಿಜವೆಂದ ಮಾತ್ರಕ್ಕೆ ಅದಕ್ಕೆ ಹಿಡಿದ ಔಷಧವೂ ಸರಿಯೆಂದಾಗುವುದಿಲ್ಲ.

ವಾದಿಗಳು ಹೇಳುವುದು ಇಷ್ಟು: "ದರೋಡೆಕಾರನು ಬಂದಾಗ ತಡೆಯುವುದು ವಿರೋಧೀ ಹಿಂಸೆ. ಅದು ಗೃಹಸ್ಥನಿಗೆ ನಿಷಿದ್ಧವಲ್ಲ. ಪಿಸ್ತೂಲು ಅದರ ಸಾಧನ. ಆದುದರಿಂದ ಪಿಸ್ತೂಲೂ ನಿಷಿದ್ಧವಲ್ಲ." ಮೇಲ್ನೋಟಕ್ಕೆ ಈ ಸರಪಳಿ ಗಟ್ಟಿಯಾಗಿ ಕಾಣುತ್ತದೆ. ಅದರ ಒಂದು ಕೊಂಡಿ ಮಾತ್ರ ಪೊಳ್ಳು. ವಿರೋಧೀ ಹಿಂಸೆಗೆ ರಿಯಾಯಿತಿ ದೊರೆಯುವುದು ಅದು ಅನಿರೀಕ್ಷಿತ, ಅನಿವಾರ್ಯ, ಎದುರಾಳಿಯೇ ತಂದೊಡ್ಡಿದುದು ಎಂಬ ಕಾರಣದಿಂದ. ಪಿಸ್ತೂಲಿನ ಆಯ್ಕೆಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಅಲ್ಲಿ ಯಾರೂ ಮೇಲೆರಗಿ ಬಂದಿಲ್ಲ. ಕೊಳ್ಳುವವನು ನೆಮ್ಮದಿಯಿಂದ ಅಂಗಡಿಯಲ್ಲಿ ನಿಂತಿದ್ದಾನೆ, ವಿಚಾರಿಸಲು ಬೇಕಾದಷ್ಟು ಸಮಯವಿದೆ.

ಆತನು ವಿಚಾರಿಸುವುದಾದರೂ ಏನನ್ನು? 1988ರಲ್ಲಿ ಮಾರುಕಟ್ಟೆಗೆ ಬಂದ ಗ್ಲಾಕ್ 19 ಎಂಬುದು 15 ಗುಂಡು ಹಿಡಿಯುತ್ತದೆ. 2018ರಲ್ಲಿ ಬಂದ ಸಿಗ್ ಸಾವರ್ ಪಿ 365 ಎಂಬುದು ತೂಕದಲ್ಲಿ ಸುಮಾರು ಅರ್ಧ ಕಿಲೋ. ಅಷ್ಟು ಚಿಕ್ಕದರಲ್ಲೂ 10 ಗುಂಡುಗಳಿಗೆ ಎಡೆಯಿದೆ. ಅಂಗಿಯ ಮೇಲೆ ಅದರ ಉಬ್ಬು ಕಾಣಬಾರದು, ಕೈಗೆ ಬಿಗಿಯಾಗಿ ಕೂರಬೇಕು, ಗುಂಡು ಹಾರಿದಾಗ ಕೈ ಎತ್ತಿಹಾಕಬಾರದು, ಕ್ಷಣಾರ್ಧದಲ್ಲಿ ಹೊರಬರಬೇಕು. ಗ್ಲಾಕ್ ಮಾದರಿಗಳಲ್ಲಿ ಬೆರಳಿನಿಂದ ಬೇರೆಯಾಗಿ ಸರಿಸಬೇಕಾದ ಭದ್ರತಾ ಕೀಲಿ ಇಲ್ಲ. ಕುದುರೆಯನ್ನು ಒತ್ತಿದರೆ ಮುಗಿಯಿತು. ಗುಂಡನ್ನು ನಳಿಗೆಯ ಹಿಂದಿನ ಕೋಣೆಗೆ ಏರಿಸಿಟ್ಟೇ ಧರಿಸಬೇಕೆಂಬುದು ಅಲ್ಲಿಯ ತರಬೇತುದಾರರ ಸಾಮಾನ್ಯ ಬೋಧೆ. ಅಂದರೆ ಧರಿಸಿದವನು ತರಕಾರಿ ಕೊಳ್ಳುವಾಗಲೂ ಮಗುವನ್ನು ಎತ್ತಿಕೊಂಡಾಗಲೂ ಆ ಯಂತ್ರ ಸನ್ನದ್ಧವಾಗಿಯೇ ಇರುತ್ತದೆ.

ಇನ್ನು ಗುಂಡಿನ ಆಯ್ಕೆ. ಆತ್ಮರಕ್ಷಣೆಗೆ ಶಿಫಾರಸು ಮಾಡುವುದು ತುದಿ ಟೊಳ್ಳಾದ ಗುಂಡನ್ನು. ಅದು ದೇಹವನ್ನು ಹೊಕ್ಕೊಡನೆ ಅರಳಿ ಅಗಲವಾಗುತ್ತದೆ. ದೇಹದೊಳಗೆ ಹೀಗೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ನಿಷೇಧಿಸಿತು. ಸೈನಿಕನು ಸೈನಿಕನಿಗೆ ಹೊಡೆಯಬಾರದ ಗುಂಡು ನಾಗರಿಕನ ಸೊಂಟದಲ್ಲಿ ಬಂದು ಕುಳಿತಿದೆ. ಅದು ದೇಹವನ್ನು ಹಾಯ್ದು ಹಿಂದೆ ನಿಂತ ಅಮಾಯಕನನ್ನು ತಾಗದಿರಲೆಂದೇ ಹಾಗೆ ಎಂದು ಸಮರ್ಥಕರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಗುಂಡಿನ ಪೂರ್ಣಶಕ್ತಿ ಒಂದೇ ದೇಹದೊಳಗೆ ಮುಗಿಯಬೇಕೆಂಬ ಲೆಕ್ಕಾಚಾರವೂ ಅದೇ ಮಾತಿನಲ್ಲಿದೆ. ಗುಂಡು ಎಷ್ಟು ಆಳಕ್ಕೆ ಇಳಿಯುವುದೆಂದು ಪರೀಕ್ಷಿಸಲು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಗಟ್ಟಿಗಳನ್ನು ಬಳಸುತ್ತ ಬಂದಿದ್ದಾರೆ. ಮನುಷ್ಯನ ಮಾಂಸಕ್ಕೆ ಅದು ಪ್ರತಿನಿಧಿ. 12ರಿಂದ 18 ಅಂಗುಲ ಇಳಿದರೆ ಗುಂಡು ಉತ್ತಮವೆಂಬುದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಇಟ್ಟುಕೊಂಡ ಅಳತೆ. ಜೆಲಾಟಿನ್ ಇದೆಯೆಂದು ಮಾತ್ರೆಯ ಕವಚವನ್ನೂ ಮಿಠಾಯಿಯನ್ನೂ ದೂರವಿಡುವ ಶ್ರಾವಕನು ಈ ಅಳತೆಯ ಪಟ್ಟಿಯನ್ನು ಯಾವ ಭಾವದಿಂದ ಓದಬೇಕು? ತೊಗಲಿನ ಒರೆಯನ್ನು ಬಿಟ್ಟು ಪ್ಲಾಸ್ಟಿಕ್ ಒರೆಯನ್ನು ಆರಿಸಿಕೊಂಡರೆ ವ್ರತ ಉಳಿಯಿತೆಂದು ಸಮಾಧಾನಪಡಬೇಕೇ?

ವಿಷಯದ ಮರ್ಮ ಇಲ್ಲಿದೆ. ಈ ಆಯ್ಕೆಯ ಪ್ರತಿಯೊಂದು ಹೆಜ್ಜೆಯಲ್ಲೂ ಒಂದು ಮಾನವ ದೇಹ ಗುರಿಯಾಗಿ ಮನಸ್ಸಿನ ಮುಂದೆ ನಿಂತಿರಲೇಬೇಕು. ಅದಿಲ್ಲದೆ ಆರಿಸಲು ಸಾಧ್ಯವೇ ಇಲ್ಲ. ಇದಕ್ಕೆ ಸಂಕಲ್ಪವೆನ್ನದೆ ಬೇರೇನು ಹೆಸರು? ಆಚಾರ್ಯ ಸಮಂತಭದ್ರರು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಶಸ್ತ್ರಾದಿಗಳನ್ನು ಒದಗಿಸುವ ಹಿಂಸಾದಾನವನ್ನು ಹೇಗೆ ಎಣಿಸಿದರೋ, ಪರರ ವಧೆ ಬಂಧನಗಳನ್ನು ಮನಸ್ಸಿನಲ್ಲೇ ನೆನೆಯುವ ಅಪಧ್ಯಾನವನ್ನೂ ಹಾಗೆಯೇ ಎಣಿಸಿದರು. ಪಿಸ್ತೂಲು ಧರಿಸಿದವನಿಗೆ ಅಪಧ್ಯಾನವೇ ದಿನಚರಿಯಾಗುತ್ತದೆ. ಬಾಗಿಲಿನಿಂದ ಒಳಬರುವ ಪ್ರತಿ ಅಪರಿಚಿತನನ್ನೂ ಅವನು ಗುರಿಯೋ ಅಲ್ಲವೋ ಎಂದು ತೂಗಬೇಕಾಗುತ್ತದೆ.

"ಜೀವಮಾನವಿಡೀ ಒಂದು ಗುಂಡೂ ಹಾರದಿದ್ದರೆ ಹಿಂಸೆ ಎಲ್ಲಿಂದ ಬಂತು?" ಎಂದು ಕೇಳುವವರಿದ್ದಾರೆ. 10ನೆಯ ಶತಮಾನದ ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಬೆಸ್ತನನ್ನೂ ಬೇಸಾಯಗಾರನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಈ ಸಂದೇಹಕ್ಕೆ ಉತ್ತರ ಕೊಟ್ಟಿದ್ದಾರೆ. ಉಳುವವನ ನೇಗಿಲಿಗೆ ಸಿಕ್ಕಿ ಜೀವಗಳು ಸಾಯುತ್ತವೆ. ಆದರೂ ಅವನ ಮನಸ್ಸು ಬೆಳೆಯ ಮೇಲಿದೆ. ಬಲೆ ಬೀಸಿದವನಿಗೆ ಒಂದು ಮೀನೂ ಸಿಗದಿದ್ದರೂ ಅವನ ಮನಸ್ಸು ಕೊಲೆಯ ಮೇಲಿದೆ. ಭಾವವೇ ಬಂಧಕ್ಕೆ ಕಾರಣ. ಬೆಸ್ತನು ಮೀನು ಸಿಗಲೆಂದು ಹಾರೈಸುತ್ತಾನೆ, ಪಿಸ್ತೂಲಿನವನು ಅಂತಹ ಪ್ರಸಂಗ ಬಾರದಿರಲೆಂದು ಹಾರೈಸುತ್ತಾನೆ ಎಂಬ ಭೇದ ನಿಜ. ಆದರೆ ಬಾರದಿರಲೆಂದು ಹಾರೈಸುತ್ತಲೇ, ಬಂದರೆ ಕೊಲ್ಲುವೆನೆಂದು ಪ್ರತಿದಿನ ಬೆಳಿಗ್ಗೆ ಒರೆಯನ್ನು ಬಿಗಿಯುವವನು ತನ್ನ ನಿಶ್ಚಯವನ್ನು ದಿನವೂ ನವೀಕರಿಸುತ್ತಾನೆ. ವ್ರತವನ್ನು ದಿನವೂ ಸ್ಮರಿಸಬೇಕಾದ ಹೊತ್ತಿನಲ್ಲಿ ಅದರ ಅಪವಾದವನ್ನು ಸ್ಮರಿಸುತ್ತಾನೆ.

ವರ್ತಕನಿಗೆ ಲೆಕ್ಕದ ಭಾಷೆ ಬೇಗ ತಿಳಿಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕು ಪಿಸ್ತೂಲುಗಳಿಂದ ಸತ್ತವರು 48,830 ಮಂದಿ. ಅವರಲ್ಲಿ 20,958 ಮಂದಿ ಕೊಲೆಯಾದವರು. 26,328 ಮಂದಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜನ, ಆತ್ಮಹತ್ಯೆ ಮಾಡಿಕೊಂಡವರು. ಕ್ಯಾಲಿಫೋರ್ನಿಯಾದ ಸುಮಾರು 2 ಕೋಟಿ 60 ಲಕ್ಷ ಜನರನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪಿಸ್ತೂಲು ಹೊಂದಿದ ಪುರುಷರು ಹೊಂದದವರಿಗಿಂತ ಸುಮಾರು 8 ಪಟ್ಟು, ಸ್ತ್ರೀಯರು ಸುಮಾರು 35 ಪಟ್ಟು ಹೆಚ್ಚಾಗಿ ಗುಂಡಿನಿಂದ ಆತ್ಮಹತ್ಯೆಗೆ ಈಡಾಗಿದ್ದಾರೆ. 2020ರಿಂದ ಆ ದೇಶದ ಮಕ್ಕಳ ಹಾಗೂ ಹದಿಹರೆಯದವರ ಮರಣಕಾರಣಗಳಲ್ಲಿ ಮೊದಲ ಸ್ಥಾನ ರಸ್ತೆ ಅಪಘಾತದ್ದಲ್ಲ, ಗುಂಡಿನದು. ಹೊರಗಿನ ಕಳ್ಳನಿಗೆಂದು ತಂದ ವಸ್ತು ಮನೆಯವರ ಹೆಸರನ್ನೇ ಖರ್ಚಿನ ಬದಿಗೆ ಬರೆಸುತ್ತಿದೆ. ಇಂತಹ ಲೆಕ್ಕವುಳ್ಳ ಸರಕನ್ನು ಯಾವ ವರ್ತಕನು ತನ್ನ ಉಗ್ರಾಣಕ್ಕೆ ತಂದಾನು?

ಆದಿಪುರಾಣದ ಕಥೆಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೆನೆಯಬೇಕು. ಸೈನ್ಯಗಳ ಸಂಹಾರ ಬೇಡವೆಂದು ಭರತ ಬಾಹುಬಲಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದರು. ಮೂರರಲ್ಲೂ ಭರತನು ಸೋತನು. ಸೋತ ನಾಚಿಕೆಯಲ್ಲಿ, ಕೋಪದ ಒಂದು ಕ್ಷಣದಲ್ಲಿ, ಅವನ ಮನಸ್ಸು ಕೈಗೆ ಸಿಗುವಂತಿದ್ದ ಆಯುಧಕ್ಕೆ ಹೋಯಿತು. ತಮ್ಮನ ಮೇಲೆಯೇ ಚಕ್ರರತ್ನವನ್ನು ಬಿಟ್ಟನು. ಭರತನು ದುಷ್ಟನಲ್ಲ, ಮುಂದೆ ಕೇವಲಜ್ಞಾನ ಪಡೆದ ಚರಮಶರೀರಿ. ಅಂತಹವನಿಗೂ ಆಯುಧ ಹತ್ತಿರವಿದ್ದುದು ಅಪಾಯವಾಯಿತು. ಆದರೆ ಚಕ್ರರತ್ನವು ಸ್ವಜನರನ್ನು ಕೊಲ್ಲದು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಕಾರ್ಖಾನೆಯಲ್ಲಿ ತಯಾರಾದ ಪಿಸ್ತೂಲಿಗೆ ಆ ವಿವೇಕವಿಲ್ಲ. ಅದಕ್ಕೆ ತಮ್ಮನೂ ಒಂದೇ, ಕಳ್ಳನೂ ಒಂದೇ.

"ಚಾವುಂಡರಾಯ ಸೇನಾಪತಿಯಲ್ಲವೇ? ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಜಿನಭಕ್ತನಲ್ಲವೇ?" ಎಂಬ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಹೌದು, ಇಬ್ಬರೂ ಶಸ್ತ್ರ ಹಿಡಿದವರೇ. ಆದರೆ ಆದಿನಾಥರು ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿ ಬೇರೆ, ವಾಣಿಜ್ಯ ಬೇರೆ. ಅಸಿಯನ್ನು ವೃತ್ತಿಯಾಗಿ ಹಿಡಿದವನು ರಾಜ್ಯಕ್ಕೆ ಉತ್ತರ ಹೇಳಬೇಕಾದವನು, ಪರರ ರಕ್ಷಣೆಗೆ ನೇಮಕಗೊಂಡವನು. ತನ್ನ ಭಯಕ್ಕೆ ತಾನೇ ನ್ಯಾಯಾಧೀಶನೂ ದಂಡನಾಯಕನೂ ಆಗುವ ಅಧಿಕಾರ ಅದರಿಂದ ವರ್ತಕನಿಗೆ ದೊರೆಯುವುದಿಲ್ಲ. ಚಾವುಂಡರಾಯನ ಹೆಸರು ಹೇಳುವವರು ಅವನು ವಿಂಧ್ಯಗಿರಿಯ ಮೇಲೆ ಯಾರ ಮೂರ್ತಿಯನ್ನು ನಿಲ್ಲಿಸಿದನೆಂಬುದನ್ನು ಮರೆಯಬಾರದು. ಗೆದ್ದು ಬಿಟ್ಟುಕೊಟ್ಟವನ ಮೂರ್ತಿ ಅದು.

ಇದು ಕಡಲಾಚೆಯ ಮಾತೆಂದು ಇಲ್ಲಿಯವರು ಸುಮ್ಮನಿರುವಂತಿಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಬಿಗಿಯಾಗಿದೆ. 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯರಿಗೆ ನಿಷಿದ್ಧ, ಪರವಾನಗಿ ಪಡೆದವರು ಹೆಚ್ಚಾಗಿ ಪಾಯಿಂಟ್ 32ರ ರಿವಾಲ್ವರ್ ಪಿಸ್ತೂಲುಗಳನ್ನು ಕೊಳ್ಳುತ್ತಾರೆ. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಸ್ತ್ರೀಯರಿಗೆಂದೇ ಸುಮಾರು ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರನ್ನು ಹೊರತಂದಿತು. ಮದುವೆ ಮೆರವಣಿಗೆಗಳಲ್ಲಿ ಗುಂಡು ಹಾರಿಸಿ ಪ್ರಾಣಾಪಾಯ ತರುವವರನ್ನು ಶಿಕ್ಷಿಸಲು 2019ರಲ್ಲಿ ಕಾಯಿದೆಗೆ ತಿದ್ದುಪಡಿಯನ್ನೇ ತರಬೇಕಾಯಿತು. ರಕ್ಷಣೆಗೆಂದು ಪಡೆದುದು ಪ್ರತಿಷ್ಠೆಯಾಗಿ ಮಾರ್ಪಡುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಸದಿಗಳ ಧರ್ಮದರ್ಶಿಗಳ ಮುಂದೆಯೂ ಇದೇ ಪ್ರಶ್ನೆಯಿದೆ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ದರ್ಶನದ ಅಮೂಲ್ಯ ಜಿನಬಿಂಬಗಳು ಕಳುವಾದವು. 2023ರ ಜುಲೈಯಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಯಿತು. ಮುನಿಗಳಿಗೆ ರಕ್ಷಣೆ ಬೇಕೆಂಬ ಕೂಗು ಆಗ ನ್ಯಾಯವಾಗಿಯೇ ಎದ್ದಿತು. ರಾಜ್ಯವು ತನ್ನ ಕರ್ತವ್ಯ ಮಾಡಲೆಂದು ಕೇಳುವುದು ಪ್ರಜೆಯ ಹಕ್ಕು. ಪ್ರತಿಯೊಬ್ಬ ಶ್ರಾವಕನೂ ಪಿಸ್ತೂಲು ಧರಿಸುವುದು ಬೇರೆಯೇ ಮಾತು. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಬಲ್ಲ ಸಮಾಜವು ಬಂದೂಕಿನ ಕಾವಲುಗಾರನನ್ನು ನೇಮಿಸಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಅದಕ್ಕೆ ಮೊದಲು ಆಗಬೇಕಾದುದು ಬಹಳವಿದೆ. ಗಟ್ಟಿ ಬಾಗಿಲು, ಕರೆಗಂಟೆ, ಕ್ಯಾಮೆರಾ, ಸರದಿಯ ಮೇಲೆ ರಾತ್ರಿ ತಂಗುವ ಇಬ್ಬರು ಇರಲಿ. ಪ್ರತಿ ಬಿಂಬದ ಅಳತೆ ಮತ್ತು ಭಾವಚಿತ್ರಗಳ ದಾಖಲೆ, 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೋಂದಣಿ ಆಗಲಿ. ದಾಖಲೆಯಿಲ್ಲದ ಬಿಂಬ ಸಿಕ್ಕಿದರೂ ತನ್ನದೆಂದು ಸ್ಥಾಪಿಸುವುದು ಕಷ್ಟ. ಅಂಗಡಿಯವರು ಗಲ್ಲಾದಲ್ಲಿ ನಗದು ಕಡಿಮೆ ಇರಿಸಲಿ, ವಿಮೆ ಮಾಡಿಸಲಿ, ಒಬ್ಬರೇ ಇರುವ ರಾತ್ರಿಯ ವೇಳೆಯನ್ನು ಮೊಟಕುಗೊಳಿಸಲಿ. ಕೇಳಿದವನಿಗೆ ಹಣ ಕೊಟ್ಟು ಜೀವ ಉಳಿಸಿಕೊಳ್ಳುವುದು ಹೇಡಿತನವಲ್ಲ. ಪರಿಗ್ರಹ ಪರಿಮಾಣ ವ್ರತವಿದ್ದವನಿಗೆ ಅದು ಸುಲಭವೂ ಹೌದು. ಜಿನಾಲಯದ ಆವರಣಕ್ಕೆ ಶಸ್ತ್ರ ತರಬಾರದೆಂಬ ಫಲಕವನ್ನು ಇಲ್ಲಿಯೂ ಅಮೆರಿಕದಲ್ಲಿಯೂ ಹಾಕಬೇಕು. ಟೆಕ್ಸಾಸ್‌ನಂತಹ ರಾಜ್ಯದಲ್ಲೂ ಆವರಣದ ಒಡೆಯರಿಗೆ ಆ ಅಧಿಕಾರವಿದೆ.

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬಳೇ ಇರುವ ಹೆಣ್ಣುಮಗಳ ಮೇಲೆ ದುರುಳನು ಎರಗಿದರೆ, ಆಕೆ ಕೈಗೆ ಸಿಕ್ಕುದರಿಂದ ಅವನನ್ನು ತಡೆದರೆ, ಅದು ವಿರೋಧೀ ಹಿಂಸೆ. ಯಾವ ಶ್ರಾವಕನೂ ಆಕೆಯನ್ನು ಬೆರಳು ತೋರಿ ದೂಷಿಸಲಾರ. ಆ ರಿಯಾಯಿತಿ ಇರುವುದು ಅಂತಹ ಗಳಿಗೆಗಾಗಿ. ಅದನ್ನು ವರ್ಷದ 365 ದಿನಕ್ಕೂ ಹಿಗ್ಗಿಸಿ, ಕಂತಿನಲ್ಲಿ ಕೊಂಡು, ಒರೆಯಲ್ಲಿ ಇರಿಸಿಕೊಳ್ಳುವುದಕ್ಕಾಗಿ ಅಲ್ಲ.

ಶ್ರಾವಕನಿಗೆ ಹೇಳಿದ ನಾಲ್ಕು ದಾನಗಳು ಆಹಾರ, ಔಷಧ, ಶಾಸ್ತ್ರ, ಅಭಯ. ಮೊದಲಿನ ಮೂರಕ್ಕೆ ಹಣವಿದ್ದರೆ ಸಾಕಾದೀತು. ಅಭಯದಾನಕ್ಕೆ ದಾನಿಯ ದೇಹವೇ ಸಾಧನ; ಅವನ ಬಳಿ ನಿಂತ ಜೀವಕ್ಕೆ ಭಯವಿರಬಾರದು. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಸರ್ವಜೀವಿಗಳ ಕ್ಷಮೆ ಬೇಡಿ ಕೈ ಮುಗಿಯುವವನ ಸೊಂಟದಲ್ಲಿ 10 ಗುಂಡುಗಳ ಯಂತ್ರವಿದ್ದರೆ, ಎದುರಿಗೆ ನಿಂತವನು ಅವನ ಯಾವ ಮಾತನ್ನು ನಂಬಬೇಕು? ಪಿಸ್ತೂಲನ್ನು ಕೊಳ್ಳಹೊರಟ ಶ್ರಾವಕನು ಅಂಗಡಿಯ ಮೆಟ್ಟಿಲೇರುವ ಮುನ್ನ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲಿ.