ಇಡುಗಂಟಿನ ಭ್ರಮೆ

ನಿವೃತ್ತಿಯಾದ ಕೆಲವೇ ವಾರಗಳಲ್ಲಿ ದೂರವಾಣಿ ಮೌನವಾಗುತ್ತದೆ. ಬ್ಯಾಂಕ್ ಖಾತೆ ಮಾತ್ರ ಹಿಂದೆಂದೂ ಕಾಣದಷ್ಟು ತುಂಬುತ್ತದೆ. ಇವೆರಡೂ ಒಟ್ಟಿಗೆ ಒದಗುವುದರಲ್ಲೇ ಅಪಾಯವಿದೆ. ಕುರ್ಚಿಯೊಡನೆ ಹೋದ ಮನ್ನಣೆಯನ್ನು ಕೊಡುಗೈಯಾಗಿ ಮರಳಿ ಪಡೆಯುವ ಹಂಬಲ ನನ್ನಲ್ಲೂ ಮೂಡಿತ್ತು. ಮಗನ ಫ್ಲ್ಯಾಟಿಗೆ ಇಡುಗಂಟನ್ನೆಲ್ಲ ಕೊಡಹೊರಟಾಗ ತಡೆದದ್ದು ನನ್ನ ಪತ್ನಿ.

ಅರ್ಥಶಾಸ್ತ್ರ ಓದಿದವನು ನಾನಾದರೂ ಲೆಕ್ಕ ಸರಿಯಿದ್ದದ್ದು ಆಕೆಯದು. ಪಿಂಚಣಿ ಪರಿವರ್ತನೆಯ ಮೊತ್ತ ಬಳುವಳಿಯಲ್ಲ. ಮೂರನೆಯ ಒಂದು ಭಾಗದವರೆಗಿನ ಪಿಂಚಣಿಯನ್ನು 15 ವರ್ಷ ಬಿಟ್ಟುಕೊಟ್ಟು ಪಡೆಯುವ ಮುಂಗಡ. ಹಣದುಬ್ಬರ ಶೇ 6ರಷ್ಟಿದ್ದರೆ ಬೆಲೆಗಳು 12 ವರ್ಷಗಳಲ್ಲಿ ಇಮ್ಮಡಿಸುತ್ತವೆ. ನಮ್ಮ ಪಿಂಚಣಿಗೆ ತುಟ್ಟಿಭತ್ಯೆಯ ಆಸರೆಯಾದರೂ ಇದೆ. 2006ರ ಏಪ್ರಿಲ್ 1ರಿಂದೀಚೆಗೆ ರಾಜ್ಯ ಸರ್ಕಾರಿ ಸೇವೆಗೆ ಸೇರಿ ಹೊಸ ಪಿಂಚಣಿ ವ್ಯವಸ್ಥೆಗೆ ಒಳಪಟ್ಟವರು ಕೊಳ್ಳುವ ವರ್ಷಾಶನಕ್ಕೆ ಸಾಮಾನ್ಯವಾಗಿ ಅದೂ ಇರುವುದಿಲ್ಲ. ಇಡುಗಂಟನ್ನು ಕಾಯ್ದುಕೊಳ್ಳುವ ಹೊಣೆ ಅವರಿಗೆ ಇನ್ನೂ ದೊಡ್ಡದು.

ನಿವೃತ್ತರಾಗಲಿರುವವರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ವರ್ಷ ಇಡುಗಂಟನ್ನು ಮುಟ್ಟದಿರಿ. ಕೊಡುವ ಮುನ್ನ, ಅದು ಮಕ್ಕಳ ಅಗತ್ಯಕ್ಕೋ ನಮ್ಮ ಹಮ್ಮಿಗೋ ಎಂದು ಕೇಳಿಕೊಳ್ಳಿ. ಒಂದು ವರ್ಷದ ಬಳಿಕ ಮಗನಿಗೆ ನಾವು ಕೊಟ್ಟದ್ದು ಗ್ರಾಚ್ಯುಟಿಯ ಒಂದು ಪಾಲು ಮಾತ್ರ. ಅವನು ಬೇಸರಿಸಲಿಲ್ಲ, ಅಷ್ಟನ್ನೂ ಅವನು ನಿರೀಕ್ಷಿಸಿರಲಿಲ್ಲ.