ಗೋಡಂಬಿ, ಕಡಲೆಬೀಜದ ಮೇಲಿನ ಲೇಪನ ಪ್ಲಾಸ್ಟಿಕ್ಕೇ?

ಹೀಗೆಂದು ಹೇಳುವ ಸಂದೇಶ ನಿಮಗೂ ಬಂದಿದ್ದರೆ, ಹಂಚುವ ಮೊದಲು ಇದನ್ನು ಓದಿ. ಬೀಜದ ಎಣ್ಣೆಗೆ ಗಾಳಿಯ ಆಮ್ಲಜನಕ ತಾಗಿದರೆ ಕಮಟು ವಾಸನೆ ಹುಟ್ಟುತ್ತದೆ. ಹಾಲಿನ ಪ್ರೋಟೀನ್, ಪಿಷ್ಟ ಅಥವಾ ಅರಗಿನಿಂದ ಮಾಡಿದ, ತಿನ್ನಬಹುದಾದ ತೆಳು ಪೊರೆ ಆ ಗಾಳಿಯನ್ನು ತಡೆಯುತ್ತದೆ, ಅಷ್ಟೇ. (ಹಾಲು ಒಗ್ಗದವರು ಲೇಬಲ್ ನೋಡಿಕೊಳ್ಳಿ.)

ಹಳೇಕೋಟೆ, ಚನ್ನರಾಯಪಟ್ಟಣದ ಕಡೆಯವರಿಗೆ ಇದು ಹೊಸದೇನಲ್ಲ. ತೆಂಗಿನಕಾಯಿ ಅಟ್ಟದ ಮೇಲೆ 8ರಿಂದ 12 ತಿಂಗಳು ಚಿಪ್ಪಿನೊಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಕಮಟುವ ಚಿಂತೆ ಹೆಚ್ಚುವುದು ಚಿಪ್ಪು ಒಡೆದ ಮೇಲೆ. ಬಿತ್ತನೆಯ ಕಡಲೆಕಾಯಿಯನ್ನು ಸುಲಿಯದೆ ಇಡುವುದಕ್ಕೂ ಇಂಥದ್ದೇ ಕಾರಣ.

ನಮಗೆ ಭಯವಿರುವುದು ಲೇಪನದ ಬಗ್ಗೆ ಅಲ್ಲ, ಬೂಸ್ಟಿನ ಬಗ್ಗೆ. ತೇವದಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಫ್ಲಾಟಾಕ್ಸಿನ್ ಬಿಡುತ್ತವೆ. ತೊಳೆದರೂ ಹುರಿದರೂ ಅದು ಪೂರ್ತಿ ಹೋಗದು. ಬೂಸ್ಟು ಹಿಡಿದ ಕಡಲೆಬೀಜವನ್ನು ಆರಿಸಿ ಚಟ್ನಿಗೂ ಹಾಕಬೇಡಿ.